ಕೃಷಿ ಉಪಕರಣಗಳಿಗೆ ಗಾಳಿಗನ್ನಿನಿಂದ ಬಣ್ಣ: ಸಿದ್ಧತೆ ಮತ್ತು ಸುರಕ್ಷತೆ



ಸುಗ್ಗಿ ಮುಗಿದು ಧಾನ್ಯ ಮನೆ ಸೇರಿದ ಮೇಲೆ ರೈತನಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಆದರೆ ತುಕ್ಕಿಗೆ ಬಿಡುವೆಂಬುದಿಲ್ಲ. ಮರದ ನೇಗಿಲು, ಮರದ ಕೂರಿಗೆ ಇದ್ದ ಕಾಲದಲ್ಲಿ ಗೆದ್ದಲು ಹತ್ತದಂತೆ ನೋಡಿಕೊಂಡರೆ ಸಾಕಾಗಿತ್ತು. ಇಂದು ರೆಕ್ಕೆ ನೇಗಿಲು, ಕಲ್ಟಿವೇಟರ್, ಬೀಜ ಬಿತ್ತುವ ಯಂತ್ರ, ಟ್ರೇಲರ್ ಎಲ್ಲವೂ ಕಬ್ಬಿಣದವು. ಟ್ರೇಲರಿನ ತಳದ ತಗಡು ತೂತಾಗುವುದು ಭಾರ ಹೊತ್ತು ಸವೆದಿದ್ದಕ್ಕಿಂತ ಹೆಚ್ಚಾಗಿ ಮೂಲೆಗಳಲ್ಲಿ ಉಳಿದ ಮಣ್ಣು, ಸಗಣಿ ಮತ್ತು ರಾಸಾಯನಿಕ ಗೊಬ್ಬರದ ಪುಡಿ ಹಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ. ಗೊಬ್ಬರದ ಲವಣಗಳು ನೀರಿನೊಡನೆ ಸೇರಿದರೆ ತುಕ್ಕು ಇನ್ನೂ ಬೇಗ ಹಬ್ಬುತ್ತದೆ. ಇದಕ್ಕೆ ಸುಲಭವಾದ ತಡೆ ಎಂದರೆ ಕ್ರಮವಾಗಿ ಬಳಿದ ಬಣ್ಣ.

ಕುಂಚದಿಂದ ಬಣ್ಣ ಬಳಿಯುವುದು ಎಲ್ಲರಿಗೂ ತಿಳಿದದ್ದೇ. ಈಚೆಗೆ ಹಳ್ಳಿಗಳಲ್ಲೂ ಕಂಪ್ರೆಸರ್ ಮತ್ತು ಗಾಳಿಗನ್ನಿನ ಬಳಕೆ ಹೆಚ್ಚುತ್ತಿದೆ. ಸಂದುಗೊಂದುಗಳಿರುವ ಉಪಕರಣಗಳಿಗೆ ಗನ್ನು ಅನುಕೂಲ. ಕೆಲಸ ಬೇಗ ಮುಗಿಯುತ್ತದೆ, ಲೇಪ ಸಮನಾಗಿ ಕೂರುತ್ತದೆ. ಆದರೆ ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಗನ್ನಿನಿಂದ ಹೊರಟ ಬಣ್ಣಕ್ಕೆ ಎರಡು ದಾರಿ. ಒಂದು ಪಾಲು ಕಬ್ಬಿಣಕ್ಕೆ ಅಂಟುತ್ತದೆ, ಉಳಿದದ್ದು ಮಂಜಿನಂತೆ ಗಾಳಿಗೆ ಹೋಗುತ್ತದೆ. ಹೆಚ್ಚು ಒತ್ತಡದ ಸಾಮಾನ್ಯ ಗನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಣ್ಣ ಗಾಳಿಯ ಪಾಲಾಗುವುದುಂಟು. ಹೀಗೆ ಹೋದ ಬಣ್ಣ ಹಣದ ನಷ್ಟ. ಅದನ್ನೇ ಉಸಿರಾಡಿದರೆ ಆರೋಗ್ಯದ ನಷ್ಟ. ಬಣ್ಣ ಉಳಿಸುವ ಕ್ರಮ ಯಾವುದೋ ಶ್ವಾಸಕೋಶ ಉಳಿಸುವ ಕ್ರಮವೂ ಬಹುಮಟ್ಟಿಗೆ ಅದೇ.

ಯಾವಾಗ ಬಳಿಯಬೇಕು?

ಆಯುಧಪೂಜೆಗೆ ಉಪಕರಣಗಳನ್ನು ತೊಳೆದು ಬಣ್ಣ ಬಳಿಯುವ ರೂಢಿ ಅನೇಕ ಕಡೆ ಇದೆ. ರೂಢಿ ಒಳ್ಳೆಯದೇ. ಆದರೆ ಆ ವೇಳೆಗೆ ಮಳೆ ಪೂರ್ತಿ ಹಿಂದೆಗೆದಿರುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಅದರ ಮೇಲೆ ಬಳಿದ ಬಣ್ಣ ಮುಂದೆ ಹೊಪ್ಪಳೆಯಾಗಿ ಏಳುತ್ತದೆ. ಆದ್ದರಿಂದ ಪೂಜೆಗೆ ತೊಳೆದು ಎಣ್ಣೆ ಹಚ್ಚಿ, ಬಣ್ಣದ ಕೆಲಸವನ್ನು ಸುಗ್ಗಿಯ ನಂತರದ ಒಣ ದಿನಗಳಿಗೆ ಇಟ್ಟುಕೊಳ್ಳುವುದು ಲೇಸು. ಮುಂಜಾನೆಯ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುನ್ನ ಕೆಲಸ ಮುಗಿಸಬೇಕು. ನಡುಹಗಲಿನಲ್ಲಿ ಕಾದ ತಗಡಿನ ಮೇಲೆ ಸಿಂಪಡಿಸಿದರೆ ಬಣ್ಣ ಹರಡಿಕೊಳ್ಳುವ ಮೊದಲೇ ಒಣಗಿ ಪುಡಿಯಂತೆ ಕೂರುತ್ತದೆ.

ಕಬ್ಬಿಣದ ಸಿದ್ಧತೆ

ಬಣ್ಣ ಬಾಳುವುದು ಅದರ ಕೆಳಗಿನ ಸಿದ್ಧತೆಯ ಮೇಲೆ ನಿಂತಿದೆ. ಮಣ್ಣನ್ನು ಕೆರೆದು ಉಪಕರಣವನ್ನು ತೊಳೆಯಬೇಕು. ಗ್ರೀಸು, ಎಣ್ಣೆ ಜಿಡ್ಡನ್ನು ಸಾಬೂನು ಇಲ್ಲವೆ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಿಂದ ತೆಗೆದು, ಒಳ್ಳೆಯ ನೀರಿನಲ್ಲಿ ಮತ್ತೆ ತೊಳೆದು ಪೂರ್ತಿ ಒಣಗಿಸಬೇಕು. ಅನಂತರ ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ತೆಗೆಯಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದ್ದುದರಿಂದ ಅದನ್ನು ಒಣಗಿದ್ದಾಗ ಉಜ್ಜದೆ, ನೀರು ಹಾಕಿ ಉಜ್ಜುವುದು ಉತ್ತಮ. ಧೂಳು ಏಳುವುದಿಲ್ಲ. ಉಜ್ಜಿದ ನೀರನ್ನೂ ಉದುರಿದ ಸಿಪ್ಪೆಯನ್ನೂ ದನಕರುಗಳಿಗೆ, ಕೋಳಿಗಳಿಗೆ ಸಿಗದಂತೆ ಒಟ್ಟುಮಾಡಬೇಕು. ಶುಚಿಮಾಡಿದ ಕಬ್ಬಿಣಕ್ಕೆ ಒಣಗಿದ ಕೂಡಲೆ, ಅದೇ ದಿನ ಪ್ರೈಮರ್ ಕೊಡಬೇಕು. ರಾತ್ರಿ ಬಿಟ್ಟರೆ ಹೊಸ ತುಕ್ಕು ಕಾಣಿಸಿಕೊಳ್ಳುತ್ತದೆ.

ಎಲ್ಲ ಭಾಗಕ್ಕೂ ಬಣ್ಣ ಬೇಡ. ಮಣ್ಣಿಗೆ ತಾಗುವ ನೇಗಿಲ ಗುಳ, ರೆಕ್ಕೆ, ಕುಂಟೆಯ ತಾಳಿನ ಅಲಗುಗಳಿಗೆ ಬಳಿದ ಬಣ್ಣ ಮೊದಲ ಸಾಲಿನಲ್ಲೇ ಹೋಗುತ್ತದೆ. ಅವಕ್ಕೆ ಎಣ್ಣೆ ಅಥವಾ ಗ್ರೀಸು ಸಾಕು. ಗ್ರೀಸ್ ನಿಪ್ಪಲ್, ಬೇರಿಂಗ್, ಹೈಡ್ರಾಲಿಕ್ ಜಾಕಿಯ ಹೊಳೆಯುವ ದಂಡ, ಟ್ರೇಲರಿನ ನಂಬರ್ ಪ್ಲೇಟ್ ಮತ್ತು ಹಿಂಬದಿಯ ರಿಫ್ಲೆಕ್ಟರ್‌ಗಳನ್ನು ಕಾಗದ ಅಂಟಿಸಿ ಮುಚ್ಚಬೇಕು. ಬಿತ್ತನೆ ಯಂತ್ರದ ಬೀಜ ಬೀಳುವ ರಂಧ್ರ ಮತ್ತು ಕೊಳವೆಗಳೊಳಗೆ ಬಣ್ಣ ಹೋದರೆ ಬೀಜದ ಅಳತೆ ಕೆಡುತ್ತದೆ.

ಕಂಪ್ರೆಸರ್ ಮತ್ತು ಗಾಳಿ ಕೊಳವೆ

ಕಂಪ್ರೆಸರಿನ ಗಾಳಿತೊಟ್ಟಿ ಒತ್ತಡ ತುಂಬಿದ ಪಾತ್ರೆ. ಅದರ ಒಳಗೆ ನೀರು ಕೂಡಿ, ತಳ ತುಕ್ಕು ಹಿಡಿದು ತೆಳುವಾದರೆ ಸಿಡಿಯುವ ಭಯವುಂಟು. ಆದ್ದರಿಂದ ಪ್ರತಿದಿನ ಕೆಲಸ ಮುಗಿದ ಮೇಲೆ ತಳದ ಕೊಳಾಯಿ ತೆರೆದು ನೀರು ಬಿಡಬೇಕು. ಹೆಚ್ಚಾದ ಒತ್ತಡವನ್ನು ತಾನಾಗಿ ಹೊರಬಿಡುವ ಸುರಕ್ಷಾ ಕವಾಟ ಕೆಲಸ ಮಾಡುತ್ತಿದೆಯೆ ಎಂದು ನೋಡಬೇಕು. ಅದು ಗಾಳಿ ಬಿಡುತ್ತದೆಂದು ಬೋಲ್ಟು ಹಾಕಿ ಮುಚ್ಚುವುದು ಪ್ರಾಣಕ್ಕೇ ಅಪಾಯ. ಹಳೆಯ ಗ್ಯಾಸ್ ಸಿಲಿಂಡರು, ಲಾರಿಯ ಹಳೆಯ ತೊಟ್ಟಿಗಳನ್ನು ಬೆಸುಗೆ ಹಾಕಿ ಕಟ್ಟಿದ ಕಂಪ್ರೆಸರುಗಳನ್ನು ಬಳಸಲೇಬಾರದು. ಮೋಟಾರಿಗೆ ಅರ್ತಿಂಗ್ ಇರಬೇಕು, ಬೆಲ್ಟಿಗೆ ಜಾಲರಿ ಇರಬೇಕು.

ಒಂದು ಅಶ್ವಶಕ್ತಿಯ ಕಂಪ್ರೆಸರು ನಿಮಿಷಕ್ಕೆ ಸುಮಾರು 3ರಿಂದ 4 ಘನ ಅಡಿ ಗಾಳಿ ಕೊಡುತ್ತದೆ. ಗನ್ನು ಎಷ್ಟು ಗಾಳಿ ಬೇಡುತ್ತದೆಂದು ಅದರ ಜೊತೆಯ ಪುಸ್ತಿಕೆಯಲ್ಲಿ ನೋಡಿ, ಅದಕ್ಕಿಂತ ಹೆಚ್ಚು ಕೊಡುವ ಕಂಪ್ರೆಸರನ್ನೇ ಆರಿಸಬೇಕು. ಇಲ್ಲವಾದರೆ ಅರ್ಧ ತಗಡು ಮುಗಿಯುವುದರೊಳಗೆ ಒತ್ತಡ ಇಳಿದು ಬಣ್ಣ ಹನಿಹನಿಯಾಗಿ ಬೀಳುತ್ತದೆ. ಕೊಳವೆಯ ಒಳ ಅಗಲ 8 ಮಿಲಿಮೀಟರಿಗೆ ಕಡಿಮೆ ಇರಬಾರದು. ಗನ್ನಿಗೆ ಮುಂಚೆ ನೀರು ಮತ್ತು ಎಣ್ಣೆ ತಡೆಯುವ ಶೋಧಕ ಹಾಗೂ ಒತ್ತಡ ನಿಯಂತ್ರಕ ಇರಬೇಕು.

ಗನ್ನನ್ನು ಹೊಂದಿಸುವುದು

ಪ್ರೈಮರಿಗೆ ಸುಮಾರು 1.8 ಮಿಲಿಮೀಟರ್, ಎನಾಮಲ್ ಬಣ್ಣಕ್ಕೆ 1.4ರಿಂದ 1.5 ಮಿಲಿಮೀಟರ್ ರಂಧ್ರದ ನಾಜಲ್ ಹೊಂದುತ್ತದೆ. ಬಣ್ಣಕ್ಕೆ ಡಬ್ಬಿಯ ಮೇಲೆ ಹೇಳಿದ ಥಿನ್ನರನ್ನು ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಬಣ್ಣದಲ್ಲಿ ಕಡ್ಡಿಯನ್ನು ಅದ್ದಿ ಎತ್ತಿದರೆ ಮೊದಲು ಎಳೆಯಾಗಿ ಇಳಿದು, ಆಮೇಲೆ ಹನಿಹನಿಯಾಗಿ ತೊಟ್ಟಿಕ್ಕುವ ಹದ ಸರಿಯಾದದ್ದು. 4ನೆಯ ನಂಬರಿನ ಫೋರ್ಡ್ ಕಪ್ಪು ಸಿಕ್ಕಿದರೆ, ಅದು 20ರಿಂದ 25 ಸೆಕೆಂಡಿನಲ್ಲಿ ಬರಿದಾಗಬೇಕು. ಬೆರೆಸಿದ ಬಣ್ಣವನ್ನು ತೆಳು ನೈಲಾನ್ ಬಟ್ಟೆಯಲ್ಲಿ ಸೋಸಿ ಬಟ್ಟಲಿಗೆ ಹಾಕಬೇಕು. ಥಿನ್ನರ್ ಬದಲು ಪೆಟ್ರೋಲು ಬೆರೆಸುವ ದುರಭ್ಯಾಸ ಕೆಲವೆಡೆ ಇದೆ. ಇದು ಬೆಂಕಿಯನ್ನು ಕರೆದು ಕೂರಿಸಿಕೊಂಡಂತೆ.

ಒತ್ತಡದ ವಿಷಯದಲ್ಲಿ ಆಗುವ ತಪ್ಪೇ ದೊಡ್ಡದು. ಹೆಚ್ಚು ಗಾಳಿ ಬಿಟ್ಟರೆ ಕೆಲಸ ಬೇಗ ಆಗುತ್ತದೆಂದು ತೊಟ್ಟಿಯ ಪೂರ್ಣ ಒತ್ತಡವನ್ನೇ ಗನ್ನಿಗೆ ಬಿಡುವವರಿದ್ದಾರೆ. ಸಾಮಾನ್ಯ ಗನ್ನಿಗೆ 40ರಿಂದ 50 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.8ರಿಂದ 3.5 ಕಿಲೋಗ್ರಾಂ ಒತ್ತಡ ಸಾಕು. ಕಡಿಮೆ ಒತ್ತಡದಲ್ಲಿ ಹೆಚ್ಚು ಗಾಳಿ ಬಿಡುವ ಹೊಸ ಬಗೆಯ ಗನ್ನುಗಳೂ ದೊರೆಯುತ್ತವೆ. ಅವುಗಳ ಮೂತಿಯಲ್ಲಿ ಒತ್ತಡ 10 ಪೌಂಡು ಮೀರುವುದಿಲ್ಲ. ಬಣ್ಣ ಪೋಲಾಗುವುದೂ ಕಡಿಮೆ. ಆದರೆ ಅವಕ್ಕೆ ದೊಡ್ಡ ಕಂಪ್ರೆಸರು ಬೇಕು. ಯಾವ ಗನ್ನೇ ಆಗಲಿ, ಟ್ರಿಗರ್ ಒತ್ತಿ ಗಾಳಿ ಹರಿಯುತ್ತಿರುವಾಗಲೇ ಒತ್ತಡವನ್ನು ಹೊಂದಿಸಬೇಕು.

ಮೊದಲು ಒಂದು ರಟ್ಟಿನ ಮೇಲೆ ಸಿಂಪಡಿಸಿ ನೋಡಿ. ಬಣ್ಣದ ಗುರುತು ಉದ್ದ ಮೊಟ್ಟೆಯಾಕಾರದಲ್ಲಿ ಸಮನಾಗಿದ್ದರೆ ಹೊಂದಿಕೆ ಸರಿಯಿದೆ. ನಡುವೆ ದಪ್ಪ, ಅಂಚಿನಲ್ಲಿ ತೆಳುವಾಗಿದ್ದರೆ ಗಾಳಿ ಕಡಿಮೆ ಅಥವಾ ಬಣ್ಣ ಗಟ್ಟಿ. ಎರಡು ತುದಿ ದಪ್ಪವಾಗಿ ನಡುವೆ ಸೊರಗಿದ್ದರೆ ಗಾಳಿ ಹೆಚ್ಚು. ಬಾಳೆಹಣ್ಣಿನಂತೆ ಬಾಗಿದ್ದರೆ ಮೂತಿಯ ಗಾಳಿರಂಧ್ರ ಒಂದು ಕಡೆ ಕಟ್ಟಿದೆ.

ಸಿಂಪಡಿಸುವ ಕ್ರಮ

ಗನ್ನನ್ನು ಕಬ್ಬಿಣದಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ, ನೇರವಾಗಿ ಹಿಡಿಯಬೇಕು. ಮಣಿಕಟ್ಟನ್ನು ಬೀಸದೆ, ಇಡೀ ತೋಳನ್ನು ತಗಡಿಗೆ ಸಮಾನವಾಗಿ ಚಲಿಸಬೇಕು. ಕೈ ಚಲಿಸತೊಡಗಿದ ಮೇಲೆ ಟ್ರಿಗರ್ ಒತ್ತಿ, ಅಂಚು ದಾಟುತ್ತಿದ್ದಂತೆ ಬಿಡಬೇಕು. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಒಂದೇ ಸಲ ದಪ್ಪಗೆ ಬಳಿದರೆ ಬಣ್ಣ ಜಾರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಪ್ರೈಮರ್ ಒಂದು ಸಲ, ಅದು ಒಣಗಿದ ಮೇಲೆ ಎನಾಮಲ್ ತೆಳುವಾಗಿ ಎರಡು ಸಲ ಕೊಡುವುದು ಬಾಳಿಕೆಗೆ ಒಳ್ಳೆಯದು.

ಉಸಿರು, ಚರ್ಮ ಮತ್ತು ಬೆಂಕಿ

ಬೆಳೆಗೆ ಔಷಧಿ ಹೊಡೆಯುವಾಗ ಗಾಳಿ ಬೀಸುವ ದಿಕ್ಕನ್ನು ನೋಡುವ ರೈತ, ಬಣ್ಣ ಹೊಡೆಯುವಾಗ ಅದನ್ನು ಮರೆಯುವುದುಂಟು. ಇಲ್ಲಿಯೂ ಗಾಳಿ ಬೆನ್ನಿನ ಕಡೆಯಿಂದ ಬರಬೇಕು, ಕೆಲಸ ಬಯಲಿನಲ್ಲಿ ನಡೆಯಬೇಕು. ಮುಚ್ಚಿದ ಕೊಟ್ಟಿಗೆ, ಉಗ್ರಾಣಗಳಲ್ಲಿ ಕೂಡದು. ಮುಖಕ್ಕೆ ಕಟ್ಟಿದ ಟವೆಲ್ಲು ದೊಡ್ಡ ಧೂಳನ್ನು ತಡೆದೀತೇ ಹೊರತು ಥಿನ್ನರಿನ ಆವಿಯನ್ನು ತಡೆಯಲಾರದು. ಬಣ್ಣದ ಮಂಜಿಗೆ ಜಾಲರಿಯೂ ಆವಿಗೆ ಇದ್ದಿಲಿನ ಡಬ್ಬಿಯೂ ಇರುವ ಉಸಿರುಗವಸು ಬೇಕು. ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಸಂದಿಯಿಂದ ಆವಿ ನುಗ್ಗುತ್ತದೆ. ಗವಸಿನೊಳಗೆ ವಾಸನೆ ಬಂದರೆ ಕೆಲಸ ನಿಲ್ಲಿಸಿ ಡಬ್ಬಿ ಬದಲಾಯಿಸಬೇಕು. ತಲೆ ಸುತ್ತಿದರೆ, ಓಕರಿಕೆ ಬಂದರೆ ಕೂಡಲೆ ಬಯಲ ಗಾಳಿಗೆ ಬಂದು, ಕಡಿಮೆಯಾಗದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಬಣ್ಣ ಕೊಳ್ಳುವಾಗ ಡಬ್ಬಿಯನ್ನು ಓದಬೇಕು. ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಗಳ ಪಾಲಿಯುರೆಥೇನ್ ಬಣ್ಣದಲ್ಲಿ ಐಸೊಸಯನೇಟ್ ಎಂಬ ವಸ್ತುವಿದ್ದು, ಅದರಿಂದ ಬಿಡದೆ ಕಾಡುವ ಉಬ್ಬಸ ಬರಬಹುದು. ಅದನ್ನು ಮನೆಯಂಗಳದಲ್ಲಿ ಸಿಂಪಡಿಸಬಾರದು. ಜಿಂಕ್ ಕ್ರೋಮೇಟ್ ಇರುವ ಪ್ರೈಮರ್ ಕ್ಯಾನ್ಸರ್‌ಕಾರಕ. ಅದರ ಬದಲು ಜಿಂಕ್ ಫಾಸ್ಫೇಟ್ ಪ್ರೈಮರ್ ಕೇಳಬೇಕು. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಮಾಡಿತು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಕಾರ್ಖಾನೆ ಬಳಕೆಯ ಬಣ್ಣಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ದನಕರುಗಳು, ವಿಶೇಷವಾಗಿ ಎಳೆಯ ಕರುಗಳು, ಕಂಡದ್ದನ್ನೆಲ್ಲ ನೆಕ್ಕುತ್ತವೆ. ಸೀಸದ ಬಣ್ಣ ನೆಕ್ಕಿದ ಕರು ಕುರುಡಾಗಿ, ಸೆಳೆತ ಬಂದು ಸಾಯುವುದುಂಟು. ಆದುದರಿಂದ ಗೋದಲಿ, ನೀರಿನ ತೊಟ್ಟಿ, ಕೊಟ್ಟಿಗೆಯ ಕಂಬಿಗಳಿಗೆ ಉಳಿದ ಟ್ರೇಲರ್ ಬಣ್ಣ ಬಳಿಯಬೇಡಿ. ಕಾಳಿನ ಕಣಜದ ಒಳಮೈಗೂ ಸಾಮಾನ್ಯ ಎನಾಮಲ್ ಸಲ್ಲದು.

ಥಿನ್ನರಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಒಲೆಯನ್ನೂ ತಲುಪಬಲ್ಲದು. ಕೆಲಸದ ಜಾಗದ ಹತ್ತಿರ ಬೀಡಿ, ಒಲೆ, ವೆಲ್ಡಿಂಗ್ ಇರಬಾರದು. ಹುಲ್ಲಿನ ಬಣವೆಯಿಂದ ಸಾಕಷ್ಟು ದೂರವಿರಬೇಕು. ಕಂಪ್ರೆಸರನ್ನು ಗಾಳಿ ಬರುವ ಕಡೆಗೆ, ಉದ್ದ ಕೊಳವೆಯಷ್ಟು ದೂರ ಇಡಬೇಕು. ಥಿನ್ನರಿಗೆ ಬೆಂಕಿ ಹತ್ತಿದರೆ ನೀರು ಹೊಯ್ಯಬಾರದು, ಬೆಂಕಿ ತೇಲಿ ಹರಡುತ್ತದೆ. ಒಂದೆರಡು ಬುಟ್ಟಿ ಒಣ ಮರಳನ್ನು ಪಕ್ಕದಲ್ಲೇ ಇಟ್ಟುಕೊಂಡಿರಬೇಕು.

ಒತ್ತಡದ ಗಾಳಿಯನ್ನು ಯಾರ ಕಡೆಗೂ ತಮಾಷೆಗೂ ಹಿಡಿಯಬಾರದು. ಮೈಮೇಲಿನ ಧೂಳು ಕೊಡವಲು ಅದನ್ನು ಬಳಸುವ ಅಭ್ಯಾಸ ಬಿಡಬೇಕು. ಕಣ್ಣು, ಕಿವಿಗೆ ಅದರಿಂದ ಅಪಾಯ. ಗಾಯದ ಮೂಲಕ ಗಾಳಿ ಮೈಯೊಳಗೆ ಸೇರಿದರೆ ಪ್ರಾಣಾಪಾಯವೂ ಉಂಟು. ಮಕ್ಕಳನ್ನು ಹತ್ತಿರ ಬಿಡಬಾರದು.

ಕೆಲಸ ಮುಗಿದ ಮೇಲೆ

ಮೊದಲು ಗಾಳಿ ನಿಲ್ಲಿಸಿ, ಟ್ರಿಗರ್ ಒತ್ತಿ ಕೊಳವೆಯ ಒತ್ತಡ ಇಳಿಸಿ, ಅನಂತರ ಗನ್ನು ಬಿಚ್ಚಬೇಕು. ನಾಜಲಿನ ರಂಧ್ರಗಳನ್ನು ಮೆದು ಬ್ರಷ್ಷಿನಿಂದ ತೊಳೆಯಬೇಕು. ತಂತಿಯಿಂದ ಚುಚ್ಚಿದರೆ ರಂಧ್ರ ಕೆಡುತ್ತದೆ. ತೊಳೆದ ಥಿನ್ನರನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ತಿಳಿ ಮೇಲೆ ನಿಲ್ಲುತ್ತದೆ, ಮುಂದಿನ ತೊಳೆತಕ್ಕೆ ಬರುತ್ತದೆ. ಅದನ್ನು ಬಾವಿಯ ಬಳಿಗೆ, ಕಾಲುವೆಗೆ ಚೆಲ್ಲಬಾರದು. ಕೈಗೆ ಹತ್ತಿದ ಬಣ್ಣವನ್ನು ಅಡಿಗೆ ಎಣ್ಣೆ ಹಚ್ಚಿ ಉಜ್ಜಿ ಸಾಬೂನಿನಿಂದ ತೊಳೆಯಬೇಕು, ಥಿನ್ನರಿನಿಂದಲ್ಲ. ಬೆಳೆಗೆ ಔಷಧಿ ಹೊಡೆಯುವ ಪಂಪಿನಲ್ಲಿ ಬಣ್ಣವನ್ನೂ, ಬಣ್ಣದ ಗನ್ನಿನಲ್ಲಿ ಔಷಧಿಯನ್ನೂ ಎಂದಿಗೂ ಬಳಸಬಾರದು. ಹೊಸದಾಗಿ ಬಣ್ಣ ಬಳಿದ ಟ್ರೇಲರಿನಲ್ಲಿ ಒಂದು ವಾರವಾದರೂ ಮೇವು ತುಂಬದಿರುವುದು ಒಳ್ಳೆಯದು.

ಇಬ್ಬರು ರೈತರು ಒಂದೇ ದಿನ ಟ್ರೇಲರಿಗೆ ಬಣ್ಣ ಬಳಿದರೆಂದು ಭಾವಿಸೋಣ. ಒಬ್ಬನು ತುಕ್ಕಿನ ಮೇಲೆಯೇ, ಪೂರ್ಣ ಒತ್ತಡದಲ್ಲಿ, ಟವೆಲ್ಲು ಕಟ್ಟಿಕೊಂಡು ಒಂದು ತಾಸಿನಲ್ಲಿ ಮುಗಿಸಿದನು. ಇನ್ನೊಬ್ಬನು ಒಂದು ದಿನ ಉಜ್ಜಲು, ಎರಡು ದಿನ ಸಿಂಪಡಿಸಲು ತೆಗೆದುಕೊಂಡನು. ಅಂದು ಎರಡೂ ಟ್ರೇಲರುಗಳು ಒಂದೇ ರೀತಿ ಹೊಳೆಯುತ್ತವೆ. ಮುಂಗಾರು ಮಳೆ ನಾಲ್ಕು ಸಲ ಬಿದ್ದ ಮೇಲೆ ಮೊದಲನೆಯವನ ಟ್ರೇಲರಿನಲ್ಲಿ ಬಣ್ಣ ಎದ್ದು ಕಾಣುವುದು ಮತ್ತೆ ತುಕ್ಕು. ಅವನ ಎದೆಗೆ ಹೋದ ಬಣ್ಣವನ್ನು ಮಾತ್ರ ಉಜ್ಜಿ ತೆಗೆಯುವ ಎಮರಿ ಕಾಗದ ಯಾವ ಅಂಗಡಿಯಲ್ಲೂ ಸಿಗದು. ಆದ್ದರಿಂದ ರೈತರು ಈ ಬಿಡುವಿನ ದಿನಗಳಲ್ಲಿ ಉಪಕರಣಗಳ ಜೊತೆಗೆ ತಮ್ಮ ಉಸಿರಿನ ರಕ್ಷಣೆಗೂ ಗಮನ ಕೊಟ್ಟು, ಸಿದ್ಧತೆಗೆ ಸಮಯ, ಒತ್ತಡಕ್ಕೆ ಮಿತಿ, ಮುಖಕ್ಕೆ ಗವಸು ಎಂಬ ಮೂರು ಮಾತುಗಳನ್ನು ಪಾಲಿಸಬೇಕು.