ಪರಿಚಯವಿಲ್ಲದ ಪ್ರಾಧ್ಯಾಪಕರಿಗೆ ಒಂದು ಪತ್ರ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಐವತ್ತು ವರ್ಷದ ಹಬ್ಬದಲ್ಲಿ ಹಳೆಯ ನೆನಪು ಹೇಳುವವರು ಬಹಳ ಜನ ಇದ್ದಾರೆ. ನಾನು ಮುಂದಿನ ಮಕ್ಕಳ ಉಪಯೋಗಕ್ಕೆ ಬರುವ ಒಂದೇ ವಿಷಯ ಹೇಳಿ ಕೂರುತ್ತೇನೆ. ಪರಿಚಯವೇ ಇಲ್ಲದ ಪ್ರಾಧ್ಯಾಪಕರಿಗೆ ಇ-ಮೇಲ್ ಬರೆದು, "ನಿಮ್ಮ ಪ್ರಯೋಗಾಲಯದಲ್ಲಿ ಕೆಲವು ವಾರ ಸಂಶೋಧನೆಯ ಕೆಲಸ ಕಲಿಯಲು ಬಿಡಿ" ಎಂದು ಕೇಳುವುದು ಹೇಗೆ ಎಂಬುದೇ ಆ ವಿಷಯ. ಹೈಸ್ಕೂಲಿನವರು ಈಗಲೇ ಬರೆಯಬೇಕಾಗಿಲ್ಲ. ಪದವಿಗೆ ಹೋದಾಗ ನೆನಪಿರಲಿ.

ನಾನು ಬೆಂಗಳೂರಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಇಂಥ ಪತ್ರಗಳು ಬರಲು ಶುರುವಾಗುತ್ತವೆ. ದೆಹಲಿ, ಪುಣೆ, ಚೆನ್ನೈನಿಂದ ಬರುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಬರುವುದು ತೀರಾ ಅಪರೂಪ. ನಮ್ಮ ಮಕ್ಕಳಿಗೆ ಬುದ್ಧಿ ಕಡಿಮೆ ಎಂದಲ್ಲ, ಹೀಗೆ ಕೇಳಬಹುದು ಎಂಬುದೇ ಅವರಿಗೆ ಗೊತ್ತಿಲ್ಲ. ಬಿ.ಎಸ್ಸಿ. ಓದುವ ಹುಡುಗರನ್ನು ವಿಚಾರಿಸಿದರೆ, "ಅಲ್ಲಿ ನಮಗೆ ಗೊತ್ತಿರೋರು ಯಾರಿದ್ದಾರೆ ಮೇಡಂ?" ಎನ್ನುತ್ತಾರೆ. ಸಣ್ಣ ಕೆಲಸಕ್ಕೂ ಶಿಫಾರಸು ಹುಡುಕಿ ಅಭ್ಯಾಸವಾದ ನಮಗೆ ಹಾಗನ್ನಿಸುವುದು ಸಹಜ. ಆದರೆ ಇಲ್ಲಿ ಶಿಫಾರಸಿಗಿಂತ ಪತ್ರದೊಳಗೆ ಏನಿದೆ ಎಂಬುದೇ ಮುಖ್ಯ.

ಶ್ರೀನಿವಾಸ ರಾಮಾನುಜನ್ 1913ರ ಜನವರಿ 16ರಂದು ಕೇಂಬ್ರಿಜ್‌ನ ಹಾರ್ಡಿಯವರಿಗೆ ಪತ್ರ ಬರೆದಾಗ ಮದ್ರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಪದವಿ ಇರಲಿಲ್ಲ. ಎರಡನ್ನೂ ಪತ್ರದಲ್ಲಿ ಮುಚ್ಚಿಡಲಿಲ್ಲ. ತಾವು ಕಂಡುಕೊಂಡ ಗಣಿತದ ಫಲಿತಾಂಶಗಳನ್ನು ಪುಟಗಟ್ಟಲೆ ಜೊತೆಗಿಟ್ಟರು. ಹಾರ್ಡಿಯವರು ನೋಡಿದ್ದು ಆ ಪುಟಗಳನ್ನು. ಅದಕ್ಕೂ ಮೊದಲು ಕೇಂಬ್ರಿಜ್‌ನ ಬೇರೆ ಇಬ್ಬರಿಗೆ ಬರೆದಿದ್ದು ಫಲ ಕೊಟ್ಟಿರಲಿಲ್ಲ ಎಂಬುದನ್ನೂ ನೆನಪಿಡಿ.

ನಾವು ರಾಮಾನುಜನ್ ಆಗಬೇಕಾಗಿಲ್ಲ. ಆದರೆ ನಮ್ಮ ಹತ್ತಿರವೂ ಜೊತೆಗಿಡುವಂಥದ್ದು ಇದೆ. ನುಸಿ ಪೀಡೆಯಿಂದ ಕಾಯಿ ಸಣ್ಣದಾಗಿದ್ದನ್ನು, ಕಪ್ಪು ತಲೆ ಹುಳು ಬಿದ್ದು ಗರಿ ಸುಟ್ಟಂತಾದದ್ದನ್ನು, ಕಾಂಡದಿಂದ ಕಂದು ರಸ ಸೋರುವುದನ್ನು ನೀವು ಕಣ್ಣಾರೆ ನೋಡಿದ್ದೀರಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯಲ್ಲಿ ಯಾವುದು ಒಳ್ಳೆಯ ಉಂಡೆ ಕೊಬ್ಬರಿಯಾಗುತ್ತದೆ, ಯಾವುದು ಕೊಳೆಯುತ್ತದೆ ಎಂದು ನಿಮ್ಮ ಅಜ್ಜಿ ಅಲ್ಲಾಡಿಸಿ ಹೇಳುತ್ತಾರೆ. ನಗರದಲ್ಲಿ ಬೆಳೆದ ವಿದ್ಯಾರ್ಥಿಗೆ ಇದು ಪುಸ್ತಕದ ಚಿತ್ರ.

ನೋಡಿದ್ದನ್ನು ಎಣಿಸಿ ಬರೆದಿಟ್ಟರೆ ಅದೇ ಪತ್ರದ ತಿರುಳು. ಉದಾಹರಣೆಗೆ ಹೀಗೆ: "ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಕಪ್ಪು ತಲೆ ಹುಳುವಿನ ಮೇಲೆ ಬಿಡುವ ಪರತಂತ್ರ ಜೀವಿಗಳ ಬಗ್ಗೆ ನೀವು ಬರೆದ ಲೇಖನ ಓದಿದೆ. ನಮ್ಮ ತೋಟದ 40 ಮರಗಳನ್ನು ಮೂರು ತಿಂಗಳು ಗಮನಿಸಿ ಪಟ್ಟಿ ಮಾಡಿದ್ದೇನೆ, ಲಗತ್ತಿಸಿದ್ದೇನೆ. ನೀರು ಕಡಿಮೆಯಾದ ಸಾಲಿನಲ್ಲೇ ಹುಳು ಹೆಚ್ಚೇಕೆ ಎಂದು ತಿಳಿಯಲಿಲ್ಲ. ಮೇ, ಜೂನ್ ತಿಂಗಳಲ್ಲಿ ನಿಮ್ಮಲ್ಲಿ ಕೆಲಸ ಕಲಿಯಬಹುದೇ?" ಇಷ್ಟೇ ಸಾಕು. ಇದನ್ನು ಸರಳ ಇಂಗ್ಲಿಷಿನಲ್ಲಿ ನೀವೇ ಬರೆಯಿರಿ. ಮೇಷ್ಟ್ರಿಂದ ತಿದ್ದಿಸಿಕೊಳ್ಳಿ, ಬರೆಸಿಕೊಳ್ಳಬೇಡಿ.

ಒಂದೇ ಪತ್ರವನ್ನು ಇನ್ನೂರು ಜನಕ್ಕೆ ಕಳಿಸಿದರೆ ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಹತ್ತು ಜನರನ್ನು ಆರಿಸಿ, ಅವರ ಕೆಲಸ ಓದಿ, ಹತ್ತು ಬೇರೆ ಬೇರೆ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ನೆನಪಿಸಿ. ಆಮೇಲೂ ಬಾರದಿದ್ದರೆ ಮುಂದಿನವರಿಗೆ ಬರೆಯಿರಿ.

ಹೆಣ್ಣುಮಕ್ಕಳಿಗೆ ಒಂದು ಮಾತು. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಒಪ್ಪಲಿಲ್ಲ. ಕಮಲಾ ಹಟ ಹಿಡಿದು, ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿ, ಗೆದ್ದು ತೋರಿಸಿದರು. ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು ಕಮಲಾ ಸೊಹೊನಿ ಎಂದು ಹೆಸರಾದರು. ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ತಂದದ್ದು ನೀರಾದ ಪೋಷಕಾಂಶಗಳ ಮೇಲಿನ ಕೆಲಸ. ನೀರಾ ನಮ್ಮ ತೆಂಗಿನ ಹೊಂಬಾಳೆಯಿಂದಲೂ ಇಳಿಯುತ್ತದೆ.

ಇನ್ನು ಹಣದ ಮಾತು. "ಸಂಬಳವಿಲ್ಲದ ಕೆಲಸಕ್ಕೆ ಬೆಂಗಳೂರಿಗೆ ಯಾಕೆ ಕಳಿಸಬೇಕು?" ಎಂದು ತಂದೆ ತಾಯಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕೊಬ್ಬರಿ ಬೆಲೆ ಬಿದ್ದ ವರ್ಷ ಎರಡು ತಿಂಗಳ ರೂಮು ಬಾಡಿಗೆ, ಊಟದ ಖರ್ಚು ಸಣ್ಣದಲ್ಲ. ಆದ್ದರಿಂದ ಮೊದಲು ಭತ್ಯೆ ಕೊಡುವ ದಾರಿ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳೊಂದಿಗೆ ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ್ದೂ ಇದೆ. ಬೇಸಿಗೆಯ ಅವಕಾಶಕ್ಕೆ ಅರ್ಜಿ ಹಾಕುವುದು ಚಳಿಗಾಲದಲ್ಲಿ, ಮರೆಯಬೇಡಿ.

ಮನೆಯ ಹತ್ತಿರವೇ ಕಲಿಯುವ ದಾರಿಯನ್ನೂ ಕೇಳಿ ನೋಡಿ. ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆ ನಡೆಯುತ್ತದೆ. ಅಲ್ಲಿಗೆ ಕನ್ನಡದಲ್ಲೇ ಬರೆಯಬಹುದು. ದೂರ ಹೋಗುವ ಧೈರ್ಯವಿದ್ದರೆ ಕಾಸರಗೋಡಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಸುತ್ತ ಬಂದ ಕೇಂದ್ರವಿದೆ.

ಎಲ್ಲಿಗೇ ಹೋದರೂ ಮೊದಲೇ ಕೇಳಿ: ಎಷ್ಟು ವಾರ, ದಿನಕ್ಕೆ ಎಷ್ಟು ಹೊತ್ತು, ಯಾರು ಕಲಿಸುತ್ತಾರೆ, ಮುಗಿದ ಮೇಲೆ ಪ್ರಮಾಣಪತ್ರ ಸಿಗುತ್ತದೆಯೇ? ಹೀಗೆ ಕೇಳುವುದು ಉದ್ಧಟತನವಲ್ಲ. ದುಡ್ಡು ಕೊಟ್ಟರೆ ಅವಕಾಶ ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಮಗಳನ್ನು ಕಳಿಸಲು ಅಳುಕುವ ಪೋಷಕರು ಒಮ್ಮೆ ಜೊತೆಗೆ ಬಂದು ಜಾಗ ನೋಡಿ ಹೋಗಲಿ.

ಕೊನೆಯದಾಗಿ ನನ್ನಂತೆ ಊರು ಬಿಟ್ಟು ಹೋದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಈ ಹಬ್ಬಕ್ಕೆ ನಾವೆಲ್ಲ ಕೈಲಾದಷ್ಟು ಕೊಟ್ಟಿದ್ದೇವೆ. ಅದರ ಜೊತೆಗೆ, ಬೆಂಗಳೂರಿನಲ್ಲಿ ಮನೆ ಇರುವವರು ಬೇಸಿಗೆಯ ಎರಡು ತಿಂಗಳು ಈ ಶಾಲೆಯಲ್ಲಿ ಓದಿದ ಒಬ್ಬ ಹುಡುಗನಿಗೋ ಹುಡುಗಿಗೋ ಇರಲು ಜಾಗ ಕೊಡಿ. ನಮ್ಮ ಮನೆಯಲ್ಲಿ ಒಂದು ಕೋಣೆ ಇದೆ. ವಿಳಾಸವನ್ನು ಮುಖ್ಯೋಪಾಧ್ಯಾಯರ ಬಳಿ ಕೊಟ್ಟು ಹೋಗುತ್ತಿದ್ದೇನೆ. ಇನ್ನೂ ನಾಲ್ಕು ಮನೆಯವರು ಹೀಗೆ ಮಾಡಿದರೆ, ಬರುವ ಬೇಸಿಗೆಯಲ್ಲಿ ಐದು ಮಕ್ಕಳು ಬಾಡಿಗೆಯ ಚಿಂತೆಯಿಲ್ಲದೆ ಪತ್ರ ಬರೆಯಬಹುದು.