ಮನೆ ಕಂದಾಯದ ಆರು ಪೈಸೆ

ಮನೆ ಕಂದಾಯದ ರಸೀದಿ ಕೈಗೆ ಬಂದೊಡನೆ ನಮ್ಮ ಕಣ್ಣು ಓಡುವುದು ಕೊನೆಯ ಮೊತ್ತದ ಕಡೆಗೆ. ನಡುವೆ ಇರುವ ಒಂದು ಪುಟ್ಟ ಬಾಬನ್ನು ಓದುವವರು ವಿರಳ. ಅದು ಗ್ರಂಥಾಲಯ ಕರ: ತೆರಿಗೆಯ ರೂಪಾಯಿಗೆ 6 ಪೈಸೆ. 2000 ರೂಪಾಯಿ ಕಂದಾಯ ತೆರುವ ಮನೆಯವರು ಇದರ ಲೆಕ್ಕಕ್ಕೆ 120 ರೂಪಾಯಿ ಕೊಡುತ್ತಾರೆ. ಈ ಹಣ ಎಲ್ಲಿಗೆ ಹೋಗಬೇಕು, ಹೋಗುತ್ತಿದೆಯೆ ಎಂಬುದನ್ನು ಇಂದು ವಿಚಾರಮಾಡೋಣ.

ಇಂಥ ಕಾಯಿದೆ ಸ್ವತಂತ್ರ ಭಾರತದಲ್ಲಿ ಮೊದಲು ಬಂದದ್ದು 1948ರಲ್ಲಿ, ಮದ್ರಾಸು ಪ್ರಾಂತದಲ್ಲಿ. ಅದರ ಹಿಂದೆ ಎಸ್. ಆರ್. ರಂಗನಾಥನ್ ಅವರ ಅವಿರತ ಶ್ರಮವಿತ್ತು. ನಮ್ಮ ಮೈಸೂರು ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಾದದ್ದು 1965ರಲ್ಲಿ. ಗ್ರಂಥಾಲಯವು ದಾನಿಗಳ ದಾಕ್ಷಿಣ್ಯವನ್ನೇ ನೆಚ್ಚಿ ಬದುಕಬಾರದು, ಅದಕ್ಕೆ ತನ್ನದೇ ಆದ ಆದಾಯ ಬೇಕು ಎಂಬುದೇ ಈ ಕರದ ತಿರುಳು.

ಶಾಲೆಯಿರುವಾಗ ಇದೇಕೆ ಎನ್ನಬಹುದು. ಶಾಲೆ ಅಕ್ಷರವನ್ನು ಕಲಿಸುತ್ತದೆ; ಓದಿನ ರುಚಿ ಪಠ್ಯಪುಸ್ತಕವೊಂದರಿಂದ ಹತ್ತುವುದಿಲ್ಲ. 'ಆನಂದ'ರೆಂದು ಹೆಸರಾದ ಅಜ್ಜಂಪುರ ಸೀತಾರಾಂ ಅವರ 'ನಾನು ಕೊಂದ ಹುಡುಗಿ' ಕನ್ನಡದ ಪ್ರಸಿದ್ಧ ಕಥೆಗಳಲ್ಲೊಂದು. ಅದೇ ಅಜ್ಜಂಪುರದ ಸರ್ಕಾರಿ ಶಾಲೆಯ ಹುಡುಗಿಗೆ ಅದನ್ನು ಓದುವ ಮನಸ್ಸಾದರೆ, ಪುಸ್ತಕ ಕೊಳ್ಳಲಾರದ ಮನೆಯ ಆ ಮಗು ಎಲ್ಲಿಗೆ ಹೋಗಬೇಕು? ಕೈಯಲ್ಲಿ ಫೋನಿದೆಯಲ್ಲ ಎಂದರೆ, ಒಂದೇ ಕೋಣೆಯಲ್ಲಿ ಐದಾರು ಜನ ಬಾಳುವ ಮನೆಗಳಲ್ಲಿ ಸದ್ದಿಲ್ಲದೆ ಕುಳಿತು ಓದುವ ತಾವನ್ನು ಫೋನು ಕೊಡಲಾರದು. ನೌಕರಿಯ ಪರೀಕ್ಷೆಗೆ ಓದುವ ತರುಣರಿಗೂ ಬೇಕಾದದ್ದು ಆ ತಾವೇ.

ಆದರೆ ಕರ ಎತ್ತಿದ ಮಾತ್ರಕ್ಕೆ ಪುಸ್ತಕ ಬರುವುದಿಲ್ಲ. ಕರವನ್ನು ವಸೂಲುಮಾಡುವುದು ಸ್ಥಳೀಯ ಸಂಸ್ಥೆ. ಅದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಸಲ್ಲಿಸಬೇಕೆಂಬುದು ಕಟ್ಟಳೆ. ಬೆಂಗಳೂರಿನ ಮಹಾನಗರ ಪಾಲಿಕೆ ಹಾಗೆ ಸಲ್ಲಿಸದೆ ಉಳಿಸಿಕೊಂಡ ಬಾಕಿ ನೂರಾರು ಕೋಟಿ ರೂಪಾಯಿಗೆ ಏರಿತೆಂದು ಪತ್ರಿಕೆಗಳು ಅನೇಕ ವರ್ಷ ಬರೆದವು. ಕಡೂರಿನ ಸೀಮೆಯವರಿಗೆ ಮದಗದ ಕೆರೆಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆ ತುಂಬಿದರೆ ಸಾಲದು. ತೂಬು ತೆರೆಯಬೇಕು, ನೀರು ಕೊನೆಯ ಗದ್ದೆಯನ್ನು ಮುಟ್ಟಬೇಕು.

ಹಾಗಾದರೆ ನಾವು ಮಾಡತಕ್ಕದ್ದೇನು? ತೆರಿಗೆಯನ್ನು ನಿಲ್ಲಿಸುವುದಲ್ಲ, ಸಕಾಲದಲ್ಲಿ ಕಟ್ಟಿ, ಲೆಕ್ಕ ಕೇಳುವುದು. ಕಡೂರು, ತರೀಕೆರೆ ಪುರಸಭೆಗಳಲ್ಲಿ, ಅಜ್ಜಂಪುರದ ಪಟ್ಟಣ ಪಂಚಾಯಿತಿಯಲ್ಲಿ ಕಳೆದ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಸಲ್ಲಿಕೆಯಾಯಿತು? 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕದ ಒಂದು ಅರ್ಜಿ ಬರೆದರೆ ಉತ್ತರ ಬರಬೇಕು. ನಿಮ್ಮ ವಾರ್ಡಿನ ಸದಸ್ಯರನ್ನೂ ಕೇಳಿ. ಜೊತೆಗೆ, ಒಂದು ಸಂಜೆ ಮಕ್ಕಳ ಕೈಹಿಡಿದು ಊರಿನ ಗ್ರಂಥಾಲಯಕ್ಕೆ ಹೋಗಿಬನ್ನಿ. ಯಾವ ಪುಸ್ತಕವಿದೆ, ಯಾವುದಿಲ್ಲ, ಕೂರಲು ಕುರ್ಚಿಯಿದೆಯೆ, ದೀಪ ಉರಿಯುತ್ತದೆಯೆ ನೋಡಿ.

ಕರ ಕೊಟ್ಟವರು ಗ್ರಂಥಾಲಯದ ಅತಿಥಿಗಳಲ್ಲ, ಒಡೆಯರು. ಒಡೆಯರು ಹೊಲದ ಕಡೆ ಸುಳಿಯದಿದ್ದರೆ ಬೆಳೆ ಯಾರ ಪಾಲಾಗುವುದೆಂಬುದು ನಿಮಗೆ ತಿಳಿಯದ ವಿಷಯವಲ್ಲ.