ಹಳೆಯ ಹಾಯಿ ಯಾಟುಗಳ ಪುನರುದ್ಧಾರ

ಸರಕು ಸಾಗಣೆಗಾಗಲಿ ಮೀನುಗಾರಿಕೆಗಾಗಲಿ ಅಲ್ಲದೆ, ವಿಹಾರಕ್ಕೂ ಪಂದ್ಯಕ್ಕೂ ಎಂದೇ ಕಟ್ಟಿದ ನೌಕೆಗೆ ಯಾಟ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಎರಡನೆಯ ಮಹಾಯುದ್ಧದವರೆಗೆ ಬ್ರಿಟನ್, ಫ್ರಾನ್ಸ್, ಅಮೆರಿಕಗಳ ನೌಕಾಕಟ್ಟೆಗಳಲ್ಲಿ ಮರದಿಂದ ರೂಪುಗೊಂಡ ಹಾಯಿ ಯಾಟುಗಳಲ್ಲಿ ಉಳಿದಿರುವ ಕೆಲವನ್ನು ಇಂದು ಅಪಾರ ಹಣ ಮತ್ತು ಶ್ರಮ ವ್ಯಯಿಸಿ ಮೊದಲಿನ ಸ್ಥಿತಿಗೆ ತಂದು ಮತ್ತೆ ಕಡಲಿಗಿಳಿಸಲಾಗುತ್ತಿದೆ. ಆದರೆ ಈ ಕಾಳಜಿ ಹುಟ್ಟಿದ್ದು ತೀರ ಈಚೆಗೆ. ಆ ನೌಕೆಗಳನ್ನು ಕಟ್ಟಿಸಿ ಮೆರೆದ ತಲೆಮಾರುಗಳಿಗೆ ಅವುಗಳನ್ನು ಮುಂದಿನವರಿಗಾಗಿ ಕಾಪಾಡಬೇಕೆಂಬ ಯೋಚನೆಯೇ ಬಹುಮಟ್ಟಿಗೆ ಇರಲಿಲ್ಲ.

ಇದಕ್ಕೆ ಎರಡು ಪ್ರಸಿದ್ಧ ನೌಕೆಗಳ ಅಂತ್ಯವೇ ಸಾಕ್ಷಿ. 1851ರ ಆಗಸ್ಟ್ 22ರಂದು ಇಂಗ್ಲೆಂಡಿನ ವೈಟ್ ದ್ವೀಪವನ್ನು ಸುತ್ತುವ ಪಂದ್ಯದಲ್ಲಿ ಬ್ರಿಟಿಷ್ ಯಾಟುಗಳನ್ನೆಲ್ಲ ಹಿಂದಿಕ್ಕಿ, ಇಂದಿಗೂ ತನ್ನ ಹೆಸರಿನಿಂದಲೇ ನಡೆಯುತ್ತಿರುವ ಅಮೆರಿಕಾಸ್ ಕಪ್ ಸ್ಪರ್ಧೆಗೆ ಕಾರಣವಾದ 'ಅಮೆರಿಕಾ' ಎಂಬ ನೌಕೆ, 1921ರಲ್ಲಿ ಅಮೆರಿಕದ ಅನಾಪೊಲಿಸ್ಸಿನ ನೌಕಾ ಅಕಾಡೆಮಿಯ ವಶಕ್ಕೆ ಬಂದು, ಆರೈಕೆ ಸಾಲದೆ ಶಿಥಿಲವಾಗುತ್ತ ಹೋಯಿತು. 1942ರ ಮಾರ್ಚಿನಲ್ಲಿ ಹಿಮದ ಭಾರಕ್ಕೆ, ಅದನ್ನು ಇರಿಸಿದ್ದ ಕೊಟ್ಟಿಗೆಯ ಛಾವಣಿ ಅದರ ಮೇಲೆಯೇ ಕುಸಿಯಿತು, 1945ರಲ್ಲಿ ಅಳಿದುಳಿದ ಮರಮುಟ್ಟನ್ನು ಒಡೆದು ವಿಲೇವಾರಿ ಮಾಡಲಾಯಿತು. ಇನ್ನೊಂದು, 1893ರಲ್ಲಿ ಕಟ್ಟಿದ, ಇನ್ನೂರಕ್ಕೂ ಹೆಚ್ಚು ಪಂದ್ಯಗಳನ್ನು ಗೆದ್ದ ಬ್ರಿಟಿಷ್ ರಾಜಮನೆತನದ 'ಬ್ರಿಟಾನಿಯಾ'. ಅದು ಶಿಥಿಲವಾಗಲು ಬಿಟ್ಟ ನೌಕೆಯಲ್ಲ. 1936ರಲ್ಲಿ ಐದನೆಯ ಜಾರ್ಜ್ ತೀರಿಕೊಂಡ ಕೆಲವೇ ತಿಂಗಳಲ್ಲಿ, ಆತನ ಇಚ್ಛೆಯಂತೆ, ಅದರ ಕೂವೆ ಹಾಯಿಗಳನ್ನು ಕಳಚಿ ವೈಟ್ ದ್ವೀಪದಾಚೆಯ ಆಳ ನೀರಿಗೆ ಒಯ್ದು ಬೇಕೆಂದೇ ಮುಳುಗಿಸಲಾಯಿತು. ಒಡೆಯನೊಂದಿಗೆ ನೌಕೆಯೂ ಮುಗಿಯಬೇಕೆಂಬ ಭಾವನೆಯಲ್ಲಿ ಒಂದು ಘನತೆ ಇದ್ದಿರಬಹುದು. ಆದರೂ ಅದರಿಂದಾದ ನಷ್ಟ ತುಂಬಲಾರದ್ದು.

ಮರದ ನೌಕೆ ಯಾಕೆ ಹಾಳಾಗುತ್ತದೆ ಎಂಬುದನ್ನು ಅರಿಯಲು ಅದರ ರಚನೆಯನ್ನು ಸ್ವಲ್ಪ ನೋಡಬೇಕು. ನೌಕೆಯ ತಳದಲ್ಲಿ ಉದ್ದಕ್ಕೂ ಚಾಚಿರುವ ದಪ್ಪ ಮರ ಕೀಲ್. ಅದರ ಕೆಳಗೆ, ಗಾಳಿಯ ಒತ್ತಡಕ್ಕೆ ನೌಕೆ ಮಗುಚದಿರಲೆಂದು, ಟನ್ನುಗಟ್ಟಲೆ ತೂಕದ ಸೀಸದ ಗಟ್ಟಿಯನ್ನು ಉದ್ದನೆಯ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಕೀಲಿನಿಂದ ಇಕ್ಕೆಲಗಳಿಗೆ ಏಳುವ ಬಾಗಿದ ಓಕ್ ಮರದ ಪಕ್ಕೆಗಳ ಮೇಲೆ ಹಲಗೆಗಳನ್ನು ಅಂಚಿಗೆ ಅಂಚು ತಾಗಿಸಿ ಜೋಡಿಸುತ್ತಾರೆ. ಎರಡು ಹಲಗೆಗಳ ನಡುವಿನ ಸಂದು ಒಳಬದಿಯಲ್ಲಿ ಬಿಗಿಯಾಗಿಯೂ ಹೊರಬದಿಯಲ್ಲಿ ತುಸು ಅಗಲವಾಗಿಯೂ ಇರುವಂತೆ ಹಲಗೆಯ ಅಂಚನ್ನು ಓರೆಯಾಗಿ ಕೆತ್ತಿರುತ್ತಾರೆ. ಆ ಸಂದಿಗೆ ಹತ್ತಿಯ ಎಳೆಯನ್ನು ಚಪ್ಪಟೆ ಉಳಿಯಿಂದಲೂ ಮರದ ಕೊಡತಿಯಿಂದಲೂ ಬಡಿದು ತುಂಬಿ, ಮೇಲೆ ಪುಟ್ಟಿ ಮೆತ್ತುವ ಕೆಲಸಕ್ಕೆ ಕಾಕಿಂಗ್ ಎನ್ನುತ್ತಾರೆ. ನೀರಿಗಿಳಿದ ಹಲಗೆ ಉಬ್ಬಿ ಹತ್ತಿಯನ್ನು ಒತ್ತಿದಾಗಲೇ ನೌಕೆ ನೀರು ಬಿಡದಂತಾಗುವುದು. ಹತ್ತಿ ಕಡಿಮೆಯಾದರೆ ನೀರು ಸೋರುತ್ತದೆ, ಅಳತೆ ಮೀರಿ ಬಡಿದರೆ ಉಬ್ಬಿದ ಹಲಗೆಗಳು ಪಕ್ಕೆಗಳಿಂದಲೇ ಎದ್ದುಬರುತ್ತವೆ. ಎಷ್ಟು ಸಾಕೆಂಬುದನ್ನು ನುರಿತ ಕೆಲಸಗಾರ ಕೊಡತಿಯ ಸದ್ದಿನಿಂದಲೇ ತಿಳಿಯುತ್ತಾನೆ.

ಇಂಥ ನೌಕೆಗೆ ಉಪ್ಪುನೀರಿಗಿಂತ ಮಳೆನೀರೇ ದೊಡ್ಡ ಶತ್ರು. ಉಪ್ಪು ಮರವನ್ನು ಕೊಳೆಸುವ ಶಿಲೀಂಧ್ರವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ಡೆಕ್ಕಿನ, ಎಂದರೆ ಮೇಲ್ಹಾಸಿನ, ಸಣ್ಣ ಬಿರುಕಿನಿಂದ ಇಳಿದ ಸಿಹಿನೀರು ಗಾಳಿಯಾಡದ ಮೂಲೆಗಳಲ್ಲಿ ನಿಂತು, ಪಕ್ಕೆಗಳ ತುದಿಗಳನ್ನು ಹೊರಗೆ ಕಾಣದಂತೆ ಒಳಗೊಳಗೇ ಪುಡಿಮಾಡುತ್ತದೆ. ಕಬ್ಬಿಣದ ಬೋಲ್ಟೂ ತಾಮ್ರದ ಮೊಳೆಯೂ ಸಮುದ್ರದ ನೀರಿನಲ್ಲಿ ಹತ್ತಿರ ಹತ್ತಿರವಿದ್ದರೆ ಅವುಗಳ ನಡುವೆ ವಿದ್ಯುತ್ ಹರಿದು ಕಬ್ಬಿಣ ಬೇಗ ಸವೆಯುತ್ತದೆ, ಸುತ್ತಲಿನ ಮರವೂ ಮೆದುವಾಗುತ್ತದೆ. ಬೆಚ್ಚಗಿನ ಕಡಲುಗಳಲ್ಲಿ ಮರವನ್ನು ಕೊರೆಯುವ ಹಡಗುಹುಳದ ಕಾಟ ಬೇರೆ.

ಎರಡು ಮಹಾಯುದ್ಧಗಳ ನಂತರ ಇಂಥ ನೌಕೆಗಳನ್ನು ಸಾಕಬಲ್ಲ ಸಿರಿವಂತಿಕೆಯೂ, ಸಂಬಳದ ನಾವಿಕರ ದೊಡ್ಡ ತಂಡಗಳೂ ಇಲ್ಲವಾದವು. 1911ರಲ್ಲಿ ಸ್ಕಾಟ್ಲೆಂಡಿನ ಫೇರ್ಲಿ ಎಂಬ ಊರಿನಲ್ಲಿ ಮೂರನೆಯ ವಿಲಿಯಂ ಫೈಫ್ ಕಟ್ಟಿದ 'ಮಾರಿಕೀಟಾ' ಸೀಸದ ಕೀಲನ್ನು ಕಳೆದುಕೊಂಡು, ಇಂಗ್ಲೆಂಡಿನ ಪೂರ್ವ ತೀರದ ಪಿನ್ ಮಿಲ್ ಬಳಿಯ ಕೆಸರಿನಲ್ಲಿ ವಾಸದ ದೋಣಿಯಾಗಿ ದಶಕಗಳನ್ನು ಕಳೆಯಿತು. ಅದೇ ವರ್ಗದಲ್ಲಿ ಕಟ್ಟಿದ್ದ ನಾಲ್ಕು ಯಾಟುಗಳಲ್ಲಿ ಉಳಿದದ್ದು ಅದೊಂದೇ. ಅಷ್ಟರಲ್ಲಿ ಫೈಬರ್‌ಗ್ಲಾಸ್ ಬಂದಿತ್ತು. ಒಂದೇ ಅಚ್ಚಿನಿಂದ ಹತ್ತಾರು ದೋಣಿಗಳನ್ನು ತೆಗೆಯಬಹುದಾದ, ಕೊಳೆಯದ, ಕಾಕಿಂಗ್ ಬೇಡದ ಈ ವಸ್ತುವಿನ ಮುಂದೆ ಮರದ ನೌಕೆಯ ಕಾಲ ಮುಗಿಯಿತೆಂದೇ ಎಲ್ಲರೂ ಭಾವಿಸಿದರು.

ಅದೇ ಹೊಸ ವಸ್ತುವಿನಿಂದ ಒಂದು ಹಳೆಯ ನೌಕೆ ಉಳಿದ ಪ್ರಸಂಗ ಈ ಇತಿಹಾಸದ ಅತ್ಯಂತ ಚಿಂತನಾರ್ಹ ಅಧ್ಯಾಯ. ಫೈಫ್ ವಿನ್ಯಾಸದ, 1898ರಲ್ಲಿ ಐರ್ಲೆಂಡಿನಲ್ಲಿ ಕಟ್ಟಿದ 'ಪೆನ್ ಡುಯಿಕ್' ಫ್ರೆಂಚ್ ನೌಕಾಪಡೆಯ ತರುಣ ಎರಿಕ್ ತಬಾರ್ಲಿಗೆ ತಂದೆಯಿಂದ ಬಂದಾಗ ಅದರ ಒಡಲು ರಿಪೇರಿಗೆ ಮೀರಿ ಕೊಳೆತಿತ್ತು. ಹೊಸ ಮರಕ್ಕೆ ಹಣವಿಲ್ಲದ ಆತ ಹಳೆಯ ಒಡಲನ್ನೇ ಅಚ್ಚಾಗಿ ಬಳಸಿ, ಅದರ ಹೊರಮೈ ಮೇಲೆ ಗಾಜಿನ ನಾರಿನ ಬಟ್ಟೆಯನ್ನೂ ಪಾಲಿಯೆಸ್ಟರ್ ಅಂಟನ್ನೂ ಪದರ ಪದರವಾಗಿ ಏರಿಸಿ, ಬಳಿಕ ಒಳಗಿನ ಮರವನ್ನು ತೆಗೆದುಹಾಕಿದ. 1958ರ ಹೊತ್ತಿಗೆ ನೌಕೆ ಹೊಸ ಒಡಲಿನೊಂದಿಗೆ ಸಿದ್ಧವಾಯಿತು. ಮುಂದೆ 1964ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟುವ ಪಂದ್ಯವನ್ನು ಗೆದ್ದು ಫ್ರಾನ್ಸಿನ ಮನೆಮಾತಾದ ಈತ, ಅಂದು ಉಳಿಸಿದ್ದು ಮರವನ್ನಲ್ಲ, ಫೈಫ್ ಕಲ್ಪಿಸಿದ ಆಕಾರವನ್ನು. ಶುದ್ಧತೆಯ ಪಕ್ಷಪಾತಿಗಳಿಗೆ ಇದು ಇಂದಿಗೂ ಒಪ್ಪಿಗೆಯಾಗದಿರಬಹುದು, ಆದರೆ ಆ ಸಾಹಸ ನಡೆಯದಿದ್ದರೆ ಆಕಾರವೂ ಉಳಿಯುತ್ತಿರಲಿಲ್ಲ ಎಂಬುದು ನಿರ್ವಿವಾದ.

1974ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ 'ವುಡನ್‌ಬೋಟ್' ಎಂಬ ಪತ್ರಿಕೆ ಆರಂಭವಾಗಿ ಮರದ ದೋಣಿ ಕಟ್ಟುವವರ ಅರಿವನ್ನು ಅಚ್ಚಿಗೆ ತಂದಿತು. 1980ರ ದಶಕದಲ್ಲಿ ಫ್ರಾನ್ಸಿನ ಸೇಂಟ್ ಟ್ರೋಪೆಯಲ್ಲಿ ಹಳೆಯ ಯಾಟುಗಳ ಪಂದ್ಯಕೂಟಗಳು ಜನಪ್ರಿಯವಾದವು. ಆದರೆ ಪುನರುದ್ಧಾರವೆಂದರೆ ಏನೆಂಬುದಕ್ಕೆ ಮಾದರಿಯಾದದ್ದು, ಫೈಫ್ 1931ರಲ್ಲಿ ಕಟ್ಟಿದ 'ಆಲ್ಟೇರ್' ನೌಕೆಗೆ 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಮುಗಿದ ಕೆಲಸ. ಅಲ್ಲಿಯವರೆಗೆ ಪುನರುದ್ಧಾರವೆಂದರೆ ಬಹುಪಾಲು ಹೊಸ ಅನುಕೂಲಗಳನ್ನು ತುರುಕಿ ಹಳೆಯದಕ್ಕೆ ಬಣ್ಣ ಬಳಿಯುವುದಾಗಿತ್ತು. ಇಲ್ಲಿ ಮೂಲ ನಕಾಶೆಗಳನ್ನು ಆಧಾರವಾಗಿಟ್ಟುಕೊಂಡು ಕೊಂಡಿ, ಕೀಲಿಗಳವರೆಗೆ ಆ ಕಾಲದ ರೂಪವನ್ನೇ ಮರಳಿ ತರಲಾಯಿತು. ಇದರ ಬೆನ್ನಿಗೆ ಹುಟ್ಟಿದ ಫೇರ್ಲಿ ರಿಸ್ಟೋರೇಷನ್ಸ್ ಎಂಬ ಕಾರ್ಯಾಗಾರವೇ, 1991ರಲ್ಲಿ ಕೆಸರಿನಿಂದ ಎತ್ತಿ ತಂದ 'ಮಾರಿಕೀಟಾ'ವನ್ನು ಮರುಕಟ್ಟಿ 2004ರಲ್ಲಿ ಮತ್ತೆ ನೀರಿಗಿಳಿಸಿತು.

ಇಂಥ ಕೆಲಸದ ಮೊದಲ ಹೆಜ್ಜೆ ಒಂದು ಹಲಗೆಯನ್ನೂ ಕೀಳದೆ ಅಳೆಯುವುದು. ನೀರಿನ ಆಸರೆ ನಡುಭಾಗಕ್ಕೆ ಹೆಚ್ಚಾಗಿಯೂ ಕಿರಿದಾದ ಎರಡು ತುದಿಗಳಿಗೆ ಕಡಿಮೆಯಾಗಿಯೂ ಸಿಗುವುದರಿಂದ ಹಳೆಯ ನೌಕೆಯ ಮೂತಿ ಮತ್ತು ಹಿಂಗೊನೆ ವರ್ಷಗಳು ಕಳೆದಂತೆ ಜೋತುಬೀಳುತ್ತವೆ. ಆ ಬಾಗನ್ನು ಊರುಗೋಲುಗಳಿಂದ ನಿಧಾನವಾಗಿ ತಿದ್ದಿ, ಸರಿಯಾದ ಆಕಾರವನ್ನು ಹಲಗೆಯ ಅಚ್ಚುಗಳಿಂದ ಭದ್ರಪಡಿಸಿದ ಮೇಲೆಯೇ ಬಿಚ್ಚುವ ಕೆಲಸ. ಪಕ್ಕೆಗಳನ್ನು ಒಮ್ಮೆಲೇ ತೆಗೆಯುವುದಿಲ್ಲ; ಒಂದನ್ನು ಬಿಟ್ಟು ಒಂದನ್ನು ಬದಲಿಸುತ್ತ ಹೋಗುತ್ತಾರೆ, ಉಳಿದ ಹಳೆಯ ಪಕ್ಕೆಗಳು ಆಕಾರವನ್ನು ಹಿಡಿದಿರುತ್ತವೆ. ಹೀಗೆ ಕೊನೆಗೆ ಮೂಲ ಮರ ಅಲ್ಪವೇ ಉಳಿದರೂ ಆಕಾರದ ಸರಪಣಿ ತುಂಡಾಗದೆ ಮುಂದುವರಿಯುತ್ತದೆ, ಮತ್ತು ಅದೇ ನೌಕೆಯೆಂದು ಅದನ್ನು ಕರೆಯಲು ಇದಕ್ಕಿಂತ ಗಟ್ಟಿಯಾದ ಆಧಾರವಿಲ್ಲ.

ಪುನರುದ್ಧಾರಕ್ಕೆ ಸಿಗುವ ಪ್ರಚಾರ ನಿರ್ವಹಣೆಗೆ ಸಿಗುವುದಿಲ್ಲ, ನೌಕೆಯನ್ನು ಬದುಕಿಸುವುದು ಮಾತ್ರ ಅದೇ. ಬಿಸಿಲು ವಾರ್ನಿಷನ್ನು ಸೀಳುವುದರಿಂದ ಪ್ರತಿ ವರ್ಷ ಉಜ್ಜಿ ಹೊಸ ಲೇಪ ಕೊಡಬೇಕು. ಕೀಲಿನ ಬೋಲ್ಟುಗಳನ್ನು ಕೆಲವು ವರ್ಷಗಳಿಗೊಮ್ಮೆ ಹೊರತೆಗೆದು ಪರೀಕ್ಷಿಸಬೇಕು. ದಡಕ್ಕೇರಿಸಿದಾಗ ಮಳೆ ತಾಗದಂತೆ ಮುಚ್ಚಬೇಕು, ಆದರೆ ಮರ ಒಣಗಿ ಸಂದು ಬಿಡದಂತೆ ತೇವವನ್ನೂ ಕಾಯಬೇಕು. ಡೆಕ್ಕಿಗೆ ಶತಮಾನಗಳಿಂದ ಮೆಚ್ಚಿನ ಮರ ಮಲಬಾರ್ ಹಾಗೂ ಬರ್ಮಾದ ತೇಗ. ಅದರೊಳಗಿನ ಎಣ್ಣೆಯ ಅಂಶ ಕೊಳೆತವನ್ನು ತಡೆಯುತ್ತದೆ, ಒದ್ದೆಯಾದರೂ ಕಾಲು ಜಾರುವುದಿಲ್ಲ. ಅದನ್ನು ಒರಟಾಗಿ ಉಜ್ಜಿದರೆ ಮೃದುವಾದ ಎಳೆಗಳು ಸವೆದುಹೋಗುವುದರಿಂದ, ಉಪ್ಪುನೀರು ಹೊಯ್ದು ಎಳೆಗೆ ಅಡ್ಡಲಾಗಿ ಮೆತ್ತಗೆ ತೊಳೆಯುವುದೇ ತಿಳಿದವರ ಕ್ರಮ.

ತಬಾರ್ಲಿ 1998ರ ಜೂನ್ ತಿಂಗಳ ಒಂದು ರಾತ್ರಿ, ಸ್ಕಾಟ್ಲೆಂಡಿನ ಫೈಫ್ ಯಾಟುಗಳ ಕೂಟಕ್ಕೆ ನೂರು ತುಂಬಿದ ತನ್ನ ನೌಕೆಯನ್ನು ನಡೆಸುತ್ತಿದ್ದಾಗ ಐರಿಷ್ ಕಡಲಿಗೆ ಬಿದ್ದು ತೀರಿಕೊಂಡ, ನೌಕೆ ಉಳಿಯಿತು. ಉಳಿಸಿಕೊಳ್ಳುವ ಈ ಪ್ರಶ್ನೆ ನಮಗೂ ದೂರದ್ದಲ್ಲ. ಕರ್ನಾಟಕದ ಕರಾವಳಿಯಲ್ಲೂ ಮರದ ದೋಣಿಗಳ ಜಾಗವನ್ನು ಫೈಬರ್‌ಗ್ಲಾಸ್ ಮತ್ತು ಉಕ್ಕು ಆಕ್ರಮಿಸಿವೆ. ಹಂಚು, ಅಕ್ಕಿ ಹೊತ್ತು ಸಾಗುತ್ತಿದ್ದ ಮಂಜಿ ಎಂಬ ಮರದ ನೌಕೆಗಳನ್ನು ಕಾಗದದ ನಕಾಶೆಯ ಹಂಗಿಲ್ಲದೆ ನೆನಪಿನಿಂದಲೇ ಕಟ್ಟಿದ ಕೈಗಳ ಪರಂಪರೆ ವಿರಳವಾಗುತ್ತಿದೆ. 'ಆಲ್ಟೇರ್'ನಂಥ ಫೈಫ್ ನೌಕೆಗಳು ಮರಳಿ ಬಂದದ್ದು ಅವುಗಳ ನಕಾಶೆ ಉಳಿದಿದ್ದರಿಂದ. ಆದುದರಿಂದ ಕರಾವಳಿಯ ದಡಗಳಲ್ಲಿ ಇನ್ನೂ ಉಳಿದಿರುವ ಹಳೆಯ ಮರದ ದೋಣಿಗಳನ್ನು ಸೌದೆಗೆ ಒಡೆಯುವ ಮೊದಲು, ಅವುಗಳ ಅಳತೆ ತೆಗೆದು ಚಿತ್ರ ಬರೆದಿಡುವ ಕೆಲಸವನ್ನು ಅಲ್ಲಿನ ಕಾಲೇಜುಗಳೂ ವಸ್ತುಸಂಗ್ರಹಾಲಯಗಳೂ ಕೈಗೆತ್ತಿಕೊಳ್ಳಲಿ.